ನೀರಿನಲ್ಲಿ ವ್ಯಾಯಾಮ: ಎಷ್ಟು ಆಳ, ಎಷ್ಟು ಬಿಸಿ, ಎಷ್ಟು ವೇಗ?

ಮಂಡಿ ನೋವು, ಬೆನ್ನು ನೋವು, ಸೊಂಟದ ಆಪರೇಷನ್ ಆದವರಿಗೆಲ್ಲ ಸಿಗುವ ಸಲಹೆ ಒಂದೇ: "ನೀರಿನಲ್ಲಿ ವ್ಯಾಯಾಮ ಮಾಡಿ, ಒಳ್ಳೆಯದು." ಸಲಹೆ ಸರಿಯಾಗಿಯೇ ಇದೆ. ಆದರೆ ಎಷ್ಟು ಆಳದ ನೀರು? ಎಷ್ಟು ಬಿಸಿ ಇರಬೇಕು? ಕಾಲನ್ನು ನಿಧಾನವಾಗಿ ಆಡಿಸಬೇಕಾ, ಜೋರಾಗಿ ಆಡಿಸಬೇಕಾ? ಇದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಬಹಳ ಜನ ಪೂಲಿಗೆ ಇಳಿದು ಅರ್ಧ ಗಂಟೆ ಕೈಕಾಲು ಬಡಿದು ಮೇಲೆ ಬರುತ್ತಾರೆ, ನಾಲ್ಕು ದಿನ ಆದ ಮೇಲೆ "ಏನೂ ಪ್ರಯೋಜನ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ.

ಜಿಮ್‌ನಲ್ಲಿ ಡಂಬೆಲ್ ಮೇಲೆ ತೂಕ ಬರೆದಿರುತ್ತದೆ. ನೀರಿನ ಮೇಲೆ ಏನೂ ಬರೆದಿರುವುದಿಲ್ಲ. ಅಲ್ಲಿ ತೂಕ ಕಡಿಮೆ ಮಾಡುವುದು ಆಳ, ತಡೆ ಹೆಚ್ಚಿಸುವುದು ವೇಗ, ಎಷ್ಟು ಹೊತ್ತು ಇರಬಹುದು ಅಂತ ತೀರ್ಮಾನಿಸುವುದು ಬಿಸಿ. ಈ ಮೂರನ್ನು ಅರ್ಥ ಮಾಡಿಕೊಂಡರೆ ಯಾವ ವ್ಯಾಯಾಮವನ್ನಾದರೂ ನಿಮ್ಮ ದೇಹಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅದಕ್ಕೇ ಇಲ್ಲಿ ವ್ಯಾಯಾಮಗಳ ಉದ್ದದ ಪಟ್ಟಿ ಕೊಡುತ್ತಿಲ್ಲ. ನೀರು ಏನು ಮಾಡುತ್ತದೆ, ಅದನ್ನು ನೀವು ಹೇಗೆ ಬಳಸಿಕೊಳ್ಳಬೇಕು, ಅದನ್ನು ಹಂತ ಹಂತವಾಗಿ ನೋಡೋಣ. ಈಜು ಬರಬೇಕಾಗಿಲ್ಲ.

ಇಳಿಯುವ ಮುಂಚೆ: ಯಾರು ಇಳಿಯಬಾರದು

ಗಾಯ ಇನ್ನೂ ಒಣಗಿಲ್ಲ, ಹೊಲಿಗೆ ಹಾಕಿದ ಜಾಗ ಪೂರ್ತಿ ಕೂಡಿಕೊಂಡಿಲ್ಲ ಅಂದರೆ ಇಳಿಯಬೇಡಿ. ಜ್ವರ, ಭೇದಿ, ಚರ್ಮದ ಸೋಂಕು, ಕಿವಿ ಸೋರುವುದು, ಮೂತ್ರದ ಸೋಂಕು ಇದ್ದರೂ ವಾಸಿಯಾಗುವ ತನಕ ಕಾಯಿರಿ. ಹಿಡಿತಕ್ಕೆ ಬಾರದ ಮೂರ್ಛೆರೋಗ ಇರುವವರು, ಹೃದಯ ದುರ್ಬಲವಾಗಿ ಇನ್ನೂ ಸ್ಥಿರಕ್ಕೆ ಬರದವರು, ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುವವರು ಸ್ವಂತ ತೀರ್ಮಾನದ ಮೇಲೆ ನೀರಿಗೆ ಇಳಿಯಲೇಬಾರದು. ಶ್ವಾಸಕೋಶದ ಕಾಯಿಲೆ, ಕಿಡ್ನಿ ತೊಂದರೆ, ರಕ್ತದೊತ್ತಡದ ಏರಿಳಿತ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಇದು ಸುಮ್ನೆ ಬರೆಯುವ ಎಚ್ಚರಿಕೆಯಲ್ಲ, ಇದಕ್ಕೆ ಕಾರಣ ನೀರಿನ ಒತ್ತಡದಲ್ಲೇ ಇದೆ. ಮುಂದೆ ಅದು ಬರುತ್ತದೆ.

ಇನ್ನೊಂದು ಮಾತು. ಒಬ್ಬರೇ ಇಳಿಯಬೇಡಿ. ಹತ್ತಿರದಲ್ಲಿ ನಿಮ್ಮನ್ನು ಗಮನಿಸುವವರು ಒಬ್ಬರು ಇರಲೇಬೇಕು, ನೀರು ಎದೆಮಟ್ಟಕ್ಕಿಂತ ಕೆಳಗಿದ್ದರೂ ಸರಿ.

ಮೊದಲ ಹಂತ: ಆಳ ಗೊತ್ತು ಮಾಡಿಕೊಳ್ಳಿ

ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಆರ್ಕಿಮಿಡೀಸ್ ಹೇಳಿದ ಈ ನಿಯಮ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಮಂಡಿ ನೋವಿನವರಿಗೆ ಇದರ ಅರ್ಥ ಬಹಳ ನೇರ: ನೀವು ಆಳಕ್ಕೆ ಹೋದಷ್ಟೂ ನಿಮ್ಮ ಕಾಲು ಹೊರಬೇಕಾದ ಭಾರ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ? ಸೊಂಟದ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನವರೆಗೆ ನೀರಿದ್ದರೆ ಕಾಲಿನ ಮೇಲೆ ಸುಮಾರು ಅರ್ಧ ತೂಕ ಉಳಿಯುತ್ತದೆ. ಎದೆಮೂಳೆಯ ಕೆಳತುದಿಯವರೆಗೆ ಇದ್ದರೆ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಕುತ್ತಿಗೆಯವರೆಗೆ ಇದ್ದರೆ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ 60 ಕೆಜಿ ತೂಕದವರು ಸೊಂಟಮಟ್ಟದ ನೀರಿನಲ್ಲಿ ನಿಂತರೆ ಪಾದದ ಮೇಲೆ ಸುಮಾರು 30 ಕೆಜಿ, ಎದೆಮಟ್ಟದಲ್ಲಿ 20 ಕೆಜಿಯ ಆಸುಪಾಸು, ಕುತ್ತಿಗೆಮಟ್ಟದಲ್ಲಿ ಬರೀ ಐದು ಕೆಜಿ. ಗಂಡಸರಲ್ಲಿ ಹೆಂಗಸರಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಏಕೆಂದರೆ ದೇಹದ ಮೇಲ್ಭಾಗ ಅವರಲ್ಲಿ ಸಾಮಾನ್ಯವಾಗಿ ಹೆಚ್ಚು ಭಾರ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಈ ಲೆಕ್ಕ ಸುಮ್ಮನೆ ನಿಂತವರಿಗೆ ಮಾತ್ರ. ನಡೆಯಲು ಶುರು ಮಾಡಿದ ತಕ್ಷಣ ಹೆಜ್ಜೆ ಊರುವ ಬಡಿತ ಸೇರಿಕೊಳ್ಳುತ್ತದೆ, ಭಾರ ಏರುತ್ತದೆ. ಬೇಗ ನಡೆದರೆ ಇನ್ನೂ ಏರುತ್ತದೆ. ಹಾಗಾಗಿ ಡಾಕ್ಟರು "ಅರ್ಧ ಭಾರ ಮಾತ್ರ ಹಾಕಿ" ಅಂದಿದ್ದರೆ ಸೊಂಟಮಟ್ಟದಲ್ಲಿ ನಡೆಯಬೇಡಿ, ಎದೆಮಟ್ಟಕ್ಕೆ ಅಥವಾ ಅದಕ್ಕಿಂತ ಆಳಕ್ಕೆ ಹೋಗಿ ನಡೆಯಿರಿ.

ಮನುಷ್ಯನ ದೇಹ ಸರಾಸರಿ ನೀರಿಗಿಂತ ಒಂದಿಷ್ಟು ಹಗುರ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ ದೇಹದ್ದು ಸುಮಾರು 0.97. ಕೊಬ್ಬು 0.9 ಇರುತ್ತದೆ, ಸ್ನಾಯು ಮೂಳೆ ಎಲ್ಲ ಸೇರಿದ ಕೊಬ್ಬಿಲ್ಲದ ಭಾಗ 1.1ರ ಹತ್ತಿರ. ದಪ್ಪಗಿರುವವರು ಸುಲಭವಾಗಿ ತೇಲುವುದು, ತೆಳ್ಳಗೆ ಗಟ್ಟಿಮುಟ್ಟಾಗಿ ಇರುವವರ ಕಾಲು ಕೆಳಗೆ ಇಳಿಯುವುದು ಇದರಿಂದಲೇ. ತೇಲದೇ ಇರುವುದು ನಿಮ್ಮ ಅಸಾಮರ್ಥ್ಯ ಅಲ್ಲ. ಕಾಲು ಇಳಿದರೆ ಮಂಡಿಯ ಕೆಳಗೆ ಒಂದು ತೇಲುಕೋಲು ಕೊಟ್ಟರಾಯಿತು.

ಆರಂಭಕ್ಕೆ ನನ್ನ ಸಲಹೆ: ಕಾಲು, ಸೊಂಟ, ಬೆನ್ನಿನ ತೊಂದರೆ ಇದ್ದರೆ ಎದೆಮಟ್ಟದಿಂದ ಶುರು ಮಾಡಿ. ಭುಜದ ತೊಂದರೆ ಇದ್ದರೆ ಭುಜ ನೀರಿನೊಳಗೆ ಇರಲೇಬೇಕು, ಇಲ್ಲದಿದ್ದರೆ ನೀರು ಏನೂ ಸಹಾಯ ಮಾಡುವುದಿಲ್ಲ. ಪೂಲ್ ಅಷ್ಟು ಆಳ ಇಲ್ಲ ಅಂದರೆ ಒಂದು ಸ್ಟೂಲ್ ಮೇಲೆ ಕೂತು ಅಥವಾ ಮಂಡಿ ಬಗ್ಗಿಸಿ ಭುಜ ಮುಳುಗಿಸಿಕೊಳ್ಳಿ. ಉಸಿರಾಟದ ತೊಂದರೆ ಇರುವವರು ಮಾತ್ರ ಸೊಂಟಮಟ್ಟದಿಂದ ಶುರು ಮಾಡಬೇಕು.

ಎರಡನೇ ಹಂತ: ನೀರಿನ ಬಿಸಿ ಕೇಳಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಅದರ ಜೊತೆಗೆ ಬಹಳಷ್ಟು ಶಾಖವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. 27 ಡಿಗ್ರಿಯ ಕೋಣೆಯಲ್ಲಿ ಆರಾಮಾಗಿ ಕೂತಿರುವ ನೀವು 27 ಡಿಗ್ರಿ ನೀರಿನಲ್ಲಿ ಕದಲದೆ ನಿಂತರೆ ಸ್ವಲ್ಪ ಹೊತ್ತಿಗೆ ನಡುಗಲು ಶುರು ಮಾಡುತ್ತೀರಿ. ನಡುಗಿದರೆ ಸ್ನಾಯು ಬಿಗಿಯುತ್ತದೆ. ನೋವಿರುವ ಕೀಲಿನ ಸುತ್ತ ಸ್ನಾಯು ಬಿಗಿದರೆ ಆಮೇಲೆ ಮಾಡಿದ ವ್ಯಾಯಾಮ ಎಲ್ಲ ಕಷ್ಟವಾಗುತ್ತದೆ.

ದೇಹ ಬಿಸಿಯಾಗದೆ ತಣ್ಣಗೂ ಆಗದೆ ಇರುವ ನೀರು ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ನಿಧಾನವಾದ ಚಿಕಿತ್ಸೆಗೆ, ಬಿಗಿದ ಕೀಲನ್ನು ಸಡಿಲಿಸುವುದಕ್ಕೆ, ತೇಲಿ ಮಲಗಿಸಿ ಮಾಡುವ ಕೆಲಸಕ್ಕೆ ಇದೇ ಬೇಕು. ಕೈಕಾಲು ಚೆನ್ನಾಗಿ ಆಡಿಸುತ್ತಾ ಇರುವ ಸಂಧಿವಾತದವರಿಗೆ 30ರ ಆಸುಪಾಸು ಸಾಕಾಗುತ್ತದೆ. ಬೆವರು ಬರುವ ಹಾಗೆ ಜೋರಾಗಿ ಮಾಡುವವರಿಗೆ 26ರಿಂದ 28 ಡಿಗ್ರಿ ಸರಿ. 34 ಡಿಗ್ರಿ ನೀರಿನಲ್ಲಿ ಜೋರು ವ್ಯಾಯಾಮ ಮಾಡಬೇಡಿ, ದೇಹದೊಳಗೆ ಹುಟ್ಟುವ ಶಾಖಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಬೆವರಿದರೂ ಅದು ಆರಿ ತಂಪಾಗುವುದಿಲ್ಲ, ಬೆವರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಪೂಲಿನ ದಡದಲ್ಲಿ ಕುಡಿಯುವ ನೀರಿನ ಬಾಟಲಿ ಇರಲಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರಿಗೆ ಬಿಸಿ ತಾಗಿದರೆ ಸುಸ್ತು ಮತ್ತು ನಿಶ್ಶಕ್ತಿ ಜಾಸ್ತಿ ಆಗುತ್ತದೆ, ಅವರು ತಂಪು ನೀರನ್ನೇ ಆರಿಸಿಕೊಳ್ಳಬೇಕು.

ನೀರಿನ ಬಿಸಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ವ್ಯಾಯಾಮವನ್ನೇ ಅದಕ್ಕೆ ಹೊಂದಿಸಿ. ತಣ್ಣಗಿದ್ದರೆ ಇಳಿದು ಉಸಿರು ಹದಕ್ಕೆ ಬಂದ ಕೂಡಲೇ ನಡೆಯಲು ಶುರು ಮಾಡಿ, ನಿಂತು ಮಾಡುವ ವ್ಯಾಯಾಮಗಳನ್ನು ಮಧ್ಯಕ್ಕೆ ಇಟ್ಟುಕೊಳ್ಳಿ. ಬಿಸಿ ಇದ್ದರೆ ಒಟ್ಟು ಸಮಯ ಕಡಿಮೆ ಮಾಡಿ.

ಮೂರನೇ ಹಂತ: ಇಳಿದು ಸುಮ್ಮನೆ ನಿಲ್ಲಿ

ಮೆಟ್ಟಿಲು ಇಳಿಯುವಾಗ ಕಣ್ಣನ್ನು ಪೂರ್ತಿ ನಂಬಬೇಡಿ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಮೇಲಿನಿಂದ ನೇರವಾಗಿ ನೋಡಿದರೆ 1.2 ಮೀಟರ್ ಆಳ ಸುಮಾರು 0.9 ಮೀಟರಿನ ಹಾಗೆ ಕಾಣುತ್ತದೆ. ಮೆಟ್ಟಿಲು ಸಿಕ್ಕಿತು ಅಂದುಕೊಂಡು ಕಾಲು ಬಿಟ್ಟರೆ ಅದು ಇನ್ನೂ ಕೆಳಗೆ ಇರುತ್ತದೆ. ಕಂಬಿ ಹಿಡಿದು, ಪಾದದಿಂದ ತಡವಿ ನೋಡಿ ಇಳಿಯಿರಿ. ದಡದ ಮೇಲೆ ನಿಂತು ರೋಗಿಯ ಕಾಲಿನ ಭಂಗಿ ನೋಡುವವರಿಗೂ ಇದೇ ತೊಂದರೆ. ಮಂಡಿ ಎಷ್ಟು ಬಾಗಿದೆ ಅನ್ನುವುದು ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ, ಅನುಮಾನ ಬಂದರೆ ನೀರಿಗೆ ಇಳಿದು ಕೈಯಿಂದ ಮುಟ್ಟಿ ನೋಡಬೇಕು.

ಇಳಿದ ಮೇಲೆ ಎರಡು ಮೂರು ನಿಮಿಷ ಏನೂ ಮಾಡಬೇಡಿ. ಗೋಡೆ ಹಿಡಿದು ನಿಂತು ಉಸಿರಾಡಿ. ಈ ಹೊತ್ತಿನಲ್ಲಿ ನಿಮಗೆ ಕಾಣದ ಒಂದು ದೊಡ್ಡ ಬದಲಾವಣೆ ದೇಹದೊಳಗೆ ಆಗುತ್ತಿರುತ್ತದೆ.

ನೀರು ಎಲ್ಲ ಕಡೆಯಿಂದಲೂ ದೇಹವನ್ನು ಒತ್ತುತ್ತದೆ, ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಪ್ರತಿ 1.36 ಸೆಂಟಿಮೀಟರ್ ಆಳಕ್ಕೆ ಒಂದು ಮಿಲಿಮೀಟರ್ ಪಾದರಸದಷ್ಟು ಒತ್ತಡ ಏರುತ್ತದೆ. ಬಿಪಿ ಅಳೆಯುವುದೂ ಇದೇ ಅಳತೆಯಲ್ಲೇ ಅಲ್ವಾ, ಹೋಲಿಸಿ ನೋಡಿ. 1.2 ಮೀಟರ್ ನೀರಿನಲ್ಲಿ ನಿಂತರೆ ಪಾದದ ಮೇಲೆ ಸುಮಾರು 88 ಬೀಳುತ್ತದೆ. ಆರೋಗ್ಯವಂತರ ಬಿಪಿಯ ಕೆಳಗಿನ ಅಂಕಿ 80ರ ಹತ್ತಿರ ಇರುತ್ತದೆ, ಪಾದದ ಮೇಲಿನ ನೀರಿನ ಒತ್ತಡ ಅದಕ್ಕಿಂತ ಜಾಸ್ತಿ. ಕಾಲಿಗೆ ಬಿಗಿ ಸಾಕ್ಸ್ ಹಾಕಿದ ಹಾಗೆ ಇದು ಕೆಲಸ ಮಾಡುತ್ತದೆ, ಅದೂ ಕೆಳಗೆ ಹೆಚ್ಚು, ಮೇಲೆ ಬರುತ್ತಾ ಕಡಿಮೆ. ಬಾವು ಬಂದ ಪಾದ, ಊದಿದ ಮಂಡಿ ನೀರಿನಲ್ಲಿ ನಿಂತಷ್ಟಕ್ಕೇ ಹಗುರ ಅನಿಸುವುದು ಇದಕ್ಕೇ. ಬಾವು ಇಳಿಸುವುದು ನಿಮ್ಮ ಮುಖ್ಯ ಉದ್ದೇಶ ಆಗಿದ್ದರೆ ಮಲಗಿ ತೇಲುವುದಕ್ಕಿಂತ ನೆಟ್ಟಗೆ ನಿಂತು ಪಾದ ಆಡಿಸುವುದೇ ಒಳ್ಳೆಯದು. ತೇಲಿದಾಗ ಕಾಲು ಮೇಲೆ ಬಂದುಬಿಡುತ್ತದೆ, ಒತ್ತಡ ಸಿಗುವುದಿಲ್ಲ.

ಇದೇ ಒತ್ತಡಕ್ಕೆ ಇನ್ನೊಂದು ಮುಖ ಇದೆ. ಕಾಲು ಮತ್ತು ಹೊಟ್ಟೆಯಲ್ಲಿದ್ದ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಕುತ್ತಿಗೆವರೆಗೆ ಮುಳುಗಿದಾಗ ಸುಮಾರು 700 ಮಿಲಿಲೀಟರ್ ರಕ್ತ ಹೆಚ್ಚುವರಿಯಾಗಿ ಎದೆಯ ಕಡೆಗೆ ಬರುತ್ತದೆ. ಗಟ್ಟಿ ಹೃದಯ ಇದನ್ನು ಆರಾಮಾಗಿ ನಿಭಾಯಿಸುತ್ತದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಪಂಪ್ ಮಾಡುತ್ತದೆ. ದುರ್ಬಲ ಹೃದಯಕ್ಕೆ ಅದು ಹೊರೆ. ಮೇಲೆ ಹೃದಯದ ತೊಂದರೆ ಇರುವವರು ಕೇಳದೆ ಇಳಿಯಬಾರದು ಅಂದದ್ದು ಇದೇ ಕಾರಣಕ್ಕೆ. ಎದೆಗೂಡನ್ನೂ ನೀರು ಹೊರಗಿನಿಂದ ಒತ್ತುವುದರಿಂದ ಉಸಿರು ಎಳೆಯುವುದಕ್ಕೆ ಹೆಚ್ಚು ಶ್ರಮ ಬೇಕು. ಕುತ್ತಿಗೆಮಟ್ಟದಲ್ಲಿ ಉಸಿರಾಟದ ಶ್ರಮ ಸುಮಾರು 60 ಶೇಕಡಾ ಹೆಚ್ಚುತ್ತದೆ. ಆರೋಗ್ಯವಂತರಿಗೆ ಇದೇ ಒಂದು ವ್ಯಾಯಾಮ, ಅಸ್ತಮಾ ಮುಂತಾದ ತೊಂದರೆ ಇರುವವರಿಗೆ ಗಾಬರಿ ಆಗಬಹುದು. ಗಾಬರಿ ಆದರೆ ಒಂದೆರಡು ಮೆಟ್ಟಿಲು ಮೇಲೆ ಬನ್ನಿ, ನೀರು ಎದೆಯಿಂದ ಕೆಳಗೆ ಇಳಿದರೆ ಉಸಿರು ಸಲೀಸಾಗುತ್ತದೆ.

ನೀರಿಗೆ ಇಳಿದ ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಹೋಗಬೇಕು ಅನಿಸುವುದೂ ಇದರಿಂದಲೇ. ಎದೆಗೆ ಹೆಚ್ಚು ರಕ್ತ ಬಂದದ್ದನ್ನು ನೋಡಿ ದೇಹ "ದ್ರವ ಜಾಸ್ತಿ ಆಗಿದೆ" ಅಂದುಕೊಂಡು ಕಿಡ್ನಿಗೆ ಕೆಲಸ ಕೊಡುತ್ತದೆ. ಇಳಿಯುವ ಮುಂಚೆ ಟಾಯ್ಲೆಟ್‌ಗೆ ಹೋಗಿ ಬನ್ನಿ.

ನಾಲ್ಕನೇ ಹಂತ: ತೇಲಿದ ಸ್ಥಿತಿಯಿಂದ ಎದ್ದು ನಿಲ್ಲುವುದನ್ನು ಕಲಿಯಿರಿ

ಇದನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎದೆಮಟ್ಟದ ನೀರಿನಲ್ಲಿ ಕಾಲು ಜಾರಿ ಅಂಗಾತ ಬಿದ್ದವರು ಹೆದರುವುದು ಆಳಕ್ಕಲ್ಲ, ಎದ್ದು ನಿಲ್ಲಲು ಆಗುವುದಿಲ್ಲ ಅನ್ನುವುದಕ್ಕೆ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೈ ಬಡಿದು, ಬೆನ್ನು ಸೆಟೆದುಕೊಳ್ಳುತ್ತಾರೆ. ಹಾಗೆ ಮಾಡಿದಷ್ಟೂ ಕಾಲು ಮೇಲೆಯೇ ಉಳಿಯುತ್ತದೆ.

ಕಾರಣ ಇದು. ದೇಹವನ್ನು ಕೆಳಗೆ ಎಳೆಯುವ ಭಾರದ ಕೇಂದ್ರ ಸೊಂಟದ ಹತ್ತಿರ ಇದೆ. ಮೇಲೆ ಎತ್ತುವ ಬಲದ ಕೇಂದ್ರ ಎದೆಯಲ್ಲಿದೆ, ಏಕೆಂದರೆ ಶ್ವಾಸಕೋಶದಲ್ಲಿ ಗಾಳಿ ಇದೆ. ಇವೆರಡೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ದೇಹ ತಿರುಗುತ್ತದೆ, ಒಂದೇ ಗೆರೆಗೆ ಬಂದಾಗ ಸ್ಥಿರವಾಗುತ್ತದೆ. ನೀವು ಎದ್ದು ನಿಲ್ಲಬೇಕಾದರೆ ಈ ತಿರುಗುವಿಕೆಯನ್ನೇ ಬಳಸಿಕೊಳ್ಳಬೇಕು.

ಅಂಗಾತ ತೇಲುತ್ತಿರುವಾಗ ಮೊದಲು ಗಲ್ಲವನ್ನು ಎದೆ ಕಡೆಗೆ ತನ್ನಿ. ಮಂಡಿಗಳನ್ನು ಹೊಟ್ಟೆ ಕಡೆಗೆ ಎಳೆದುಕೊಳ್ಳಿ, ಕುರ್ಚಿಯ ಮೇಲೆ ಕೂತ ಭಂಗಿ ಬರಲಿ. ಎರಡೂ ಕೈಗಳನ್ನು ನೀರಿನೊಳಗೇ ಮುಂದಕ್ಕೆ ಚಾಚಿ. ಇದೇ ಹೊತ್ತಿಗೆ ಬಾಯಿಂದ ಉಸಿರು ಊದಿ. ದೇಹ ತಾನಾಗಿ ಮುಂದಕ್ಕೆ ತಿರುಗುತ್ತದೆ, ತಿರುಗಿ ನೆಟ್ಟಗಾಯಿತು ಅನಿಸಿದಾಗ ಪಾದಗಳನ್ನು ಕೆಳಗೆ ಇಳಿಸಿ. ಅವಸರ ಪಟ್ಟು ಪಾದವನ್ನು ಮೊದಲೇ ಇಳಿಸಿದರೆ ಮತ್ತೆ ಹಿಂದಕ್ಕೆ ಬೀಳುತ್ತೀರಿ. ಮೊದಲ ಸಲ ಹಿಂದೆ ಒಬ್ಬರು ಸೊಂಟಕ್ಕೆ ಆಸರೆ ಕೊಡಲಿ. ಆಸರೆ ಇಲ್ಲದೆ ಹೆದರದೆ ಬರುವ ತನಕ ಇದನ್ನೇ ಮಾಡಿ, ಬೇರೆ ಏನೂ ಬೇಡ.

ಇಂಗ್ಲೆಂಡಿನಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ ಎಂಬವರು 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸಲು ಶುರು ಮಾಡಿದರು. ಅಲ್ಲಿಂದ ಬೆಳೆದ ಹ್ಯಾಲಿವಿಕ್ ಪದ್ಧತಿಯಲ್ಲಿ ಹತ್ತು ಹೆಜ್ಜೆಗಳಿವೆ. ಮೊದಲನೆಯದು ನೀರಿಗೆ ಮನಸ್ಸು ಒಗ್ಗುವುದು ಮತ್ತು ಉಸಿರಿನ ಹಿಡಿತ. ಅದರ ಬೆನ್ನಿಗೇ ದೇಹ ತಿರುಗುವುದನ್ನು ಹಿಡಿತಕ್ಕೆ ತರುವ ಪಾಠಗಳು ಬರುತ್ತವೆ. ಕೈ ಬಡಿದು ಈಜುವುದು ಕಟ್ಟಕಡೆಗೆ. ಆ ಕ್ರಮದಲ್ಲಿ ಬಹಳ ವಿವೇಕ ಇದೆ. ನೀರಿನಲ್ಲಿ ತನ್ನ ದೇಹ ತನ್ನ ಮಾತು ಕೇಳುತ್ತದೆ ಅನ್ನುವ ಧೈರ್ಯ ಬರದವರ ಸ್ನಾಯು ಎಂದೂ ಸಡಿಲ ಆಗುವುದಿಲ್ಲ.

ತಲೆ ಮತ್ತು ಕೈಯ ಸಣ್ಣ ಚಲನೆಯೂ ದೇಹವನ್ನು ತಿರುಗಿಸುತ್ತದೆ ಅನ್ನುವುದು ನೆನಪಿರಲಿ. ಅಂಗಾತ ತೇಲುತ್ತಾ ಬಲಗೈಯನ್ನು ನೀರಿನಿಂದ ಮೇಲೆ ಎತ್ತಿದರೆ ಆ ಕಡೆ ಎತ್ತುವ ಬಲ ಕಡಿಮೆಯಾಗಿ ದೇಹ ಬಲಕ್ಕೆ ಉರುಳುತ್ತದೆ. ಪಾರ್ಶ್ವವಾಯು ಆಗಿ ಒಂದು ಬದಿ ಬಿಗಿದವರಲ್ಲಿ ಎರಡು ಬದಿ ಸಮ ತೇಲುವುದಿಲ್ಲ, ಅವರು ಸದಾ ಒಂದು ಕಡೆಗೇ ಉರುಳುತ್ತಾರೆ. ತಲೆಯನ್ನು ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿ ಇದನ್ನು ಸರಿದೂಗಿಸುವುದನ್ನು ಕಲಿಸಬೇಕು.

ಐದನೇ ಹಂತ: ನಡೆಯಿರಿ, ನೀರಿನ ತಡೆಯನ್ನು ಅರಿಯಿರಿ

ಗಾಳಿಗಿಂತ ನೀರು ಸುಮಾರು 800 ಪಟ್ಟು ದಟ್ಟ. ಅದನ್ನು ತಳ್ಳಿಕೊಂಡು ಹೋಗುವುದೇ ವ್ಯಾಯಾಮ. ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಎದೆಮಟ್ಟದಲ್ಲಿ ನಿಂತು, ಕೈಯನ್ನು ಮುಂದೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ. ಅಂಗೈ ಪಕ್ಕಕ್ಕೆ ನೋಡುತ್ತಿರಲಿ. ಈಗ ಕೈಯನ್ನು ಎಡಬಲಕ್ಕೆ ಆಡಿಸಿ, ನೀರು ಅಂಗೈಗೆ ಗಟ್ಟಿಯಾಗಿ ಒತ್ತುತ್ತದೆ. ಅಂಗೈಯನ್ನು ಕೆಳಮುಖ ಮಾಡಿ ಅದೇ ವೇಗದಲ್ಲಿ ಆಡಿಸಿ, ಕೈ ನೀರನ್ನು ಸೀಳಿಕೊಂಡು ಸಲೀಸಾಗಿ ಹೋಗುತ್ತದೆ. ನಿಮ್ಮ ಕೈ ಅದೇ, ವೇಗವೂ ಅದೇ, ನೀರಿಗೆ ಎದುರಾದ ಅಗಲ ಮಾತ್ರ ಬೇರೆ.

ಈಗ ಅಂಗೈಯನ್ನು ಮೊದಲಿನಂತೆ ಇಟ್ಟು ವೇಗ ಎರಡು ಪಟ್ಟು ಮಾಡಿ. ತಡೆ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಆಗುತ್ತದೆ. ನೀರಿನ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. "ನಿನ್ನೆ ಆರಾಮಾಗಿ ಮಾಡಿದೆ, ಇವತ್ತು ಸ್ವಲ್ಪ ಜೋರಾಗಿ ಮಾಡಿದೆ ಅಷ್ಟೇ, ಭುಜ ಹಿಡಿದುಕೊಂಡಿತು" ಅನ್ನುವ ಮಾತು ನಾನು ಪದೇ ಪದೇ ಕೇಳುತ್ತೇನೆ. ಆ ಸ್ವಲ್ಪವೇ ಇಲ್ಲಿ ಜಾಸ್ತಿ.

ಒಳ್ಳೆಯ ಸುದ್ದಿ ಏನೆಂದರೆ ನೀವು ನಿಲ್ಲಿಸಿದರೆ ತಡೆಯೂ ನಿಲ್ಲುತ್ತದೆ. ಎತ್ತಿ ಹಿಡಿದ ಡಂಬೆಲ್ ನೋವು ಬಂದರೂ ಅಷ್ಟೇ ಭಾರ ಇರುತ್ತದೆ, ಅದನ್ನು ಕೆಳಗಿಡುವ ತನಕ ಹೊರಲೇಬೇಕು. ನೀರಿನಲ್ಲಿ ನೋವು ಬಂದ ಕ್ಷಣ ಕೈ ನಿಧಾನ ಮಾಡಿದರೆ ಸಾಕು. ಆಪರೇಷನ್ ಆದ ಕೀಲಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ನಡಿಗೆ ಶುರು ಮಾಡಿ. ಮೊದಲು ಗೋಡೆಯ ಪಕ್ಕ, ಹಿಮ್ಮಡಿ ಮೊದಲು ಊರಿ, ಬೆನ್ನು ನೆಟ್ಟಗೆ. ನೀರನ್ನು ತಳ್ಳಲು ಎಲ್ಲರೂ ಮುಂದಕ್ಕೆ ಬಾಗುತ್ತಾರೆ, ಬಾಗಬೇಡಿ, ಬದಲಿಗೆ ವೇಗ ಇಳಿಸಿ. ಆಮೇಲೆ ಅಡ್ಡಡ್ಡ ನಡೆಯಿರಿ, ದೇಹದ ಅಗಲ ನೀರಿಗೆ ಎದುರಾಗದೆ ಇರುವುದರಿಂದ ಇದು ಹಗುರ ಅನಿಸುತ್ತದೆ, ಆದರೆ ಸೊಂಟದ ಪಕ್ಕದ ಸ್ನಾಯುಗಳಿಗೆ ಒಳ್ಳೆಯ ಕೆಲಸ. ಹಿಂದಕ್ಕೆ ನಡೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ.

ನಡೆಯುವಾಗ ನಿಮ್ಮ ಹಿಂದೆ ನೀರು ಸುಳಿಯುತ್ತಾ ಬರುತ್ತದೆ. ಹತ್ತು ಹೆಜ್ಜೆ ಬೇಗ ನಡೆದು ತಟ್ಟನೆ ತಿರುಗಿ ವಾಪಸು ಬರಲು ನೋಡಿ. ನೀವೇ ಎಳೆದು ತಂದ ನೀರು ಈಗ ಎದುರಿನಿಂದ ನಿಮ್ಮನ್ನು ತಳ್ಳುತ್ತದೆ, ಹೊಟ್ಟೆ ಬೆನ್ನಿನ ಸ್ನಾಯು ತಾನಾಗಿ ಬಿಗಿಯುತ್ತದೆ. ಇದು ಬಲವಾಗಿರುವವರಿಗೆ ಒಳ್ಳೆಯ ವ್ಯಾಯಾಮ, ನಿಲುವು ಗಟ್ಟಿ ಇಲ್ಲದವರಿಗೆ ಬೀಳುವ ಜಾಗ. ಅವರು ತಿರುಗುವ ಮುಂಚೆ ನಿಂತು ನೀರು ಶಾಂತ ಆಗುವ ತನಕ ಕಾಯಬೇಕು. ಇನ್ನೂ ದುರ್ಬಲ ಇದ್ದವರನ್ನು ಒಬ್ಬರು ಮುಂದೆ ನಡೆದು, ಅವರ ಬೆನ್ನ ಹಿಂದೆಯೇ ನಡೆಸಿದರೆ ಸುಳಿಯೇ ಇವರನ್ನು ಎಳೆದುಕೊಂಡು ಹೋಗುತ್ತದೆ, ಶ್ರಮ ಅರ್ಧ ಉಳಿದ ಹಾಗೆ ಅನಿಸುತ್ತದೆ. ಸಮತೋಲನ ಕಲಿಸುವುದಕ್ಕೂ ಸುಳಿ ಬಳಸಬಹುದು: ಒಂದು ಕಾಲಿನ ಮೇಲೆ ನಿಂತವರ ಸುತ್ತ ಕೈಯಿಂದ ನೀರು ಕಲಕಿದರೆ ಸಾಕು, ಮುಟ್ಟದೆಯೇ ಅಲುಗಾಡಿಸಿದಂತೆ ಆಗುತ್ತದೆ. ತಪ್ಪಿದರೂ ನೀರು ದೇಹವನ್ನು ನಿಧಾನವಾಗಿ ಬೀಳಿಸುತ್ತದೆ, ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಬೀಳುವ ಭಯ ಇರುವ ವಯಸ್ಸಾದವರು ನೆಲದ ಮೇಲೆ ಮಾಡಲು ಒಪ್ಪದ್ದನ್ನು ನೀರಿನಲ್ಲಿ ನಗುತ್ತಾ ಮಾಡುವುದು ಇದಕ್ಕೇ.

ಆರನೇ ಹಂತ: ಕೀಲಿನ ವ್ಯಾಯಾಮಕ್ಕೆ ದಿಕ್ಕು ಆರಿಸಿ

ನೆಲದ ಮೇಲೆ ಕೈ ಎತ್ತುವುದು ಕಷ್ಟ, ಇಳಿಸುವುದು ಸುಲಭ. ನೀರಿನಲ್ಲಿ ತಿರುಗುಮುರುಗು. ಭುಜದವರೆಗೆ ಮುಳುಗಿ ನಿಂತು ಕೈಯನ್ನು ಪಕ್ಕದಿಂದ ಮೇಲಕ್ಕೆ ಬಿಟ್ಟರೆ ನೀರೇ ಎತ್ತಿಕೊಡುತ್ತದೆ. ಭುಜ ಹಿಡಿದುಕೊಂಡವರು ಇಲ್ಲಿಂದ ಶುರು ಮಾಡಬೇಕು. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಕೈಯನ್ನು ಮುಂದೆ ಹಿಂದೆ ಆಡಿಸಿದರೆ ನೀರು ಆಸರೆ ಮಾತ್ರ ಕೊಡುತ್ತದೆ, ಎತ್ತುವುದೂ ಇಲ್ಲ ತಡೆಯುವುದೂ ಇಲ್ಲ, ಆಡಿಸುವ ತಡೆ ಒಂದೇ ಉಳಿಯುತ್ತದೆ. ಇದು ಎರಡನೆಯದು. ಮೇಲ್ಮೈಯಿಂದ ಕೈಯನ್ನು ಕೆಳಕ್ಕೆ ಒತ್ತಿದರೆ ನೀರು ಎದುರು ತಳ್ಳುತ್ತದೆ. ಇದು ಮೂರನೆಯದು, ಬಲ ಬಂದ ಮೇಲೆ.

ಮಂಡಿಗೂ ಹಾಗೆಯೇ. ನಿಂತು ಹಿಮ್ಮಡಿಯನ್ನು ಹಿಂದಕ್ಕೆ ಮೇಲೆತ್ತುವಾಗ ನೀರಿನ ಸಹಾಯ, ಇಳಿಸುವಾಗ ನೀರಿನ ತಡೆ. ಪಾದಕ್ಕೆ ತೇಲುಪಟ್ಟಿ ಕಟ್ಟಿದರೆ ಎರಡೂ ಜಾಸ್ತಿ ಆಗುತ್ತವೆ. ತೇಲುಪಟ್ಟಿ ಕೀಲಿನಿಂದ ದೂರ ಇದ್ದಷ್ಟೂ ಅದರ ಪರಿಣಾಮ ಹೆಚ್ಚು. ಸೊಂಟದ ಆಪರೇಷನ್ ಆದವರಿಗೆ ಮೊದಲ ದಿನವೇ ಪಾದಕ್ಕೆ ಕಟ್ಟಬೇಡಿ, ಮಂಡಿಯ ಮೇಲೆ ಕಟ್ಟಿ. ಎತ್ತಿದ ಕಾಲನ್ನು ಮಂಡಿ ಬಗ್ಗಿಸಿ ಕೆಳಕ್ಕೆ ಒತ್ತಿದರೆ ಹಗುರ, ನೆಟ್ಟಗೆ ಇಟ್ಟು ಒತ್ತಿದರೆ ಕಷ್ಟ, ಅದೂ ಇದೇ ಲೆಕ್ಕ.

ಏಳನೇ ಹಂತ: ಹೆಚ್ಚಿಸುವುದು ಹೇಗೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವೇಗ ಹೆಚ್ಚಿಸಿದ ದಿನ ಆಳ ಕಡಿಮೆ ಮಾಡಬೇಡಿ. ಅಗಲ ಹೆಚ್ಚಿಸುವ ಕೈಗವಸು ಹಾಕಿದ ದಿನ ಹಳೆಯ ವೇಗಕ್ಕಿಂತ ಸ್ವಲ್ಪ ಕಡಿಮೆಯಿಂದಲೇ ಶುರು ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ನೋವು ಬಂದಾಗ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಶುರುವಿನಲ್ಲಿ 15ರಿಂದ 20 ನಿಮಿಷ ಸಾಕು. ವಾರಗಳು ಕಳೆದಂತೆ ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ಹೋಗಬಹುದು. ನೀರಿನಲ್ಲಿ ಇರುವಾಗ ಆಯಾಸ ಗೊತ್ತಾಗುವುದಿಲ್ಲ, ಮೇಲೆ ಬಂದ ಮೇಲೆ ಗೊತ್ತಾಗುತ್ತದೆ. ನಾಡಿ ಬಡಿತವನ್ನೂ ಪೂರ್ತಿ ನಂಬಬೇಡಿ. ಎದೆಮಟ್ಟದ ನೀರಿನಲ್ಲಿ ಅಷ್ಟೇ ಶ್ರಮಕ್ಕೆ ಬಡಿತ ನೆಲದ ಮೇಲಿಗಿಂತ ನಿಮಿಷಕ್ಕೆ ಹತ್ತು ಹದಿನೈದು ಕಡಿಮೆ ಇರಬಹುದು. ನೆಲದ ಗುರಿ ಮುಟ್ಟಲೇಬೇಕು ಅಂತ ಹೊರಟರೆ ಅತಿಯಾಗುತ್ತದೆ. ಹೃದಯದ ಬಡಿತ ನಿಧಾನಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಲೆಕ್ಕ ಬೇಡವೇ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಸರಿ, ಎರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಇಳಿಸಿ.

ನೋವಿಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ: ಮೇಲೆ ಬಂದು ಎರಡು ಗಂಟೆ ಕಳೆದರೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮುಂದಿನ ಸಲ ಕಡಿಮೆ ಮಾಡಿ. ಸ್ನಾಯು ಹಿಡಿದುಕೊಂಡ ಸಣ್ಣ ನೋವು ಬೇರೆ, ಕೀಲು ಊದಿ ಬಿಸಿಯಾಗುವುದು ಬೇರೆ. ಎರಡನೆಯದಾದರೆ ನಿಲ್ಲಿಸಿ ತೋರಿಸಿಕೊಳ್ಳಿ.

ಎಂಟನೇ ಹಂತ: ಮೇಲೆ ಬರುವುದು

ಬಹಳಷ್ಟು ಜನ ತಲೆಸುತ್ತಿ ಕೂರುವುದು ಇಲ್ಲೇ. ನೀರಿನಲ್ಲಿ ಇದ್ದಷ್ಟು ಹೊತ್ತು ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿತ್ತು, ಬಿಸಿ ನೀರಿನಿಂದ ರಕ್ತನಾಳಗಳು ಹಿಗ್ಗಿರುತ್ತವೆ. ಮೆಟ್ಟಿಲು ಹತ್ತಿದ ಕೂಡಲೇ ಒತ್ತಡ ಹೋಗುತ್ತದೆ, ರಕ್ತ ಕಾಲಿಗೆ ಇಳಿಯುತ್ತದೆ, ಬಿಪಿ ಬೀಳುತ್ತದೆ. ಅದೇ ಗಳಿಗೆಯಲ್ಲಿ ದೇಹದ ಪೂರ್ತಿ ತೂಕ ಕಾಲಿನ ಮೇಲೆ ವಾಪಸು ಬರುತ್ತದೆ. ಹಾಗಾಗಿ ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯಿರಿ. ಆಮೇಲೆ ಸೊಂಟಮಟ್ಟದ ಮೆಟ್ಟಿಲಿನಲ್ಲಿ ಒಂದು ನಿಮಿಷ ನಿಲ್ಲಿ, ಪಾದ ಆಡಿಸುತ್ತಾ ಇರಿ, ಮಂಡಿಮಟ್ಟಕ್ಕೆ ಬಂದು ಇನ್ನೊಂದು ನಿಮಿಷ. ಮೇಲೆ ಬಂದ ಕೂಡಲೇ ಟವೆಲ್ ಹೊದ್ದು ಕುಳಿತುಕೊಳ್ಳಿ, ನೀರು ಕುಡಿಯಿರಿ. ಒದ್ದೆ ಕಾಲಿನಲ್ಲಿ ಅವಸರದಿಂದ ಬಟ್ಟೆ ಬದಲಿಸಲು ಓಡಬೇಡಿ.

ನೀರಿನಿಂದ ನೆಲಕ್ಕೆ

ನೀರನ್ನು ನಾನು ಎಷ್ಟೇ ಮೆಚ್ಚಿಕೊಂಡರೂ ಒಂದು ವಿಷಯ ನೇರವಾಗಿ ಹೇಳಬೇಕು. ಮಂಡಿ ಬಗ್ಗಿಸಿ ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯುತ್ತದೆ. ಆಳದ ನೀರಿನಲ್ಲಿ ಈ ರೀತಿಯ ಕೆಲಸ ಬಹಳ ಕಡಿಮೆ ಸಿಗುತ್ತದೆ, ಏಕೆಂದರೆ ಇಳಿಯುವಾಗ ಹಿಡಿಯಬೇಕಾದ ಭಾರವೇ ಇರುವುದಿಲ್ಲ. ಮೂಳೆ ಗಟ್ಟಿಯಾಗಲೂ ಭಾರ ಬೀಳಬೇಕು. ಎದೆಮಟ್ಟದ ನೀರಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ನಡೆದವರು ಮನೆಯ ಮೆಟ್ಟಿಲು ಇಳಿಯುವಾಗ ಒದ್ದಾಡಿದರೆ ಆಶ್ಚರ್ಯ ಇಲ್ಲ.

ಅದಕ್ಕೆ ಆಳವನ್ನೇ ಮೆಲ್ಲಮೆಲ್ಲಗೆ ಇಳಿಸುತ್ತಾ ಬನ್ನಿ. ಎದೆಮಟ್ಟದಲ್ಲಿ ನೋವಿಲ್ಲದೆ ನಡೆಯುವುದು ಸಲೀಸಾದರೆ ಹೊಟ್ಟೆಮಟ್ಟಕ್ಕೆ, ಅಲ್ಲಿಂದ ಸೊಂಟಮಟ್ಟಕ್ಕೆ ಬನ್ನಿ. ಸೊಂಟಮಟ್ಟದಲ್ಲಿ ಪೂಲಿನ ಮೆಟ್ಟಿಲನ್ನೇ ಬಳಸಿ, ಒಂದು ಮೆಟ್ಟಿಲು ಹತ್ತಿ ನಿಧಾನವಾಗಿ ಇಳಿಯಿರಿ, ಕಂಬಿ ಮುಟ್ಟಿಕೊಂಡು. ಆ ಇಳಿಯುವಿಕೆ ಎರಡೂ ಕಾಲಿನಲ್ಲಿ ಒಂದೇ ಥರ ಬಂದ ಮೇಲೆ ತೊಡೆಮಟ್ಟದ ನೀರಿನಲ್ಲಿ ಮಾಡಿ. ಅಲ್ಲೂ ಮಂಡಿ ಸುಮ್ಮನಿದ್ದರೆ ನೆಲದ ಮೇಲೆ ಒಂದು ಗಿಡ್ಡ ಮೆಟ್ಟಿಲಿನಿಂದ ಶುರು ಮಾಡಿ, ವಾರದಲ್ಲಿ ಒಂದು ದಿನದ ಪೂಲ್ ವ್ಯಾಯಾಮವನ್ನು ನೆಲದ ವ್ಯಾಯಾಮಕ್ಕೆ ಬಿಟ್ಟುಕೊಡಿ. ಮರುದಿನ ಬೆಳಗ್ಗೆ ಮಂಡಿ ಊದದಿದ್ದರೆ ಎರಡು ದಿನ ಮಾಡಿ.